ಎರಡು ಹಲ್ಲಿನ ಮೀಟರು

ಬೆಳಿಗ್ಗೆ ಯಾರ್ಡಿಗೆ ಬಂದವನೇ ಅಂಗೈಗೆ ಒತ್ತಿ ನೋಡುತ್ತೇನೆ
ಎರಡು ಹಲ್ಲಿನ ಈ ಮೀಟರನ್ನು.
ಕಿರ್ರೆಂದು ಕಿರುಚಬೇಕು, ಕೊನೆಯ ಅಂಕಿ ಮುಟ್ಟಬೇಕು;
ಮನುಷ್ಯ ಪೂರಾ ಒದ್ದೆ ಎಂದರೆ
ಬ್ಯಾಟರಿ ಸರಿಯಿದೆ ಎಂದರ್ಥ.

ಬಿ.ಎಂ. ರಸ್ತೆಯಲ್ಲಿ, ತಣ್ಣೀರುಹಳ್ಳ ದಾಟಿ,
ಹಳೇ ಗಾಡಿ ಕೊಟ್ಟು ಬೇರೆಯದು ಒಯ್ಯುವವರ ಅಂಗಳ.
ಬಡಗಿ ಕೆಲಸ ಬಿಟ್ಟು ಹನ್ನೊಂದು ವರ್ಷ,
ಮರ ಮಾತ್ರ ನನ್ನನ್ನು ಬಿಟ್ಟಿಲ್ಲ:
ಮನೆಯಂತೆ ಮಾಡಿದ ಗಾಡಿ ಬಂದರೆ
"ಮೋನಪ್ಪಾಚಾರ್ರೇ, ಒಸಿ ನೋಡಿ" ಅಂತಾರೆ.

ಅವತ್ತು ಬಂದದ್ದು ಅರಸೀಕೆರೆಯ ಟ್ರಾವೆಲರ್.
ಒಳಗೆ ಮಂಚ, ಒಲೆ, ಕೈತೊಳೆಯೋ ಬೋಗುಣಿ, ಹೂವಿನ ಪರದೆ.
ಓಡಿಸಿಕೊಂಡು ಬಂದವರು ಅಕ್ಕ ದಾಕ್ಷಾಯಿಣಿ;
ಬಸ್ಸಿಳಿದು ಆಟೋದಲ್ಲಿ, ತಂಗಿ ನೀಲಾಂಬಿಕೆ.
ಆರ್‌ಸಿ ಅಕ್ಕನದು, ಅರ್ಧ ದುಡ್ಡು ತಂಗಿಯದು.
ಇವರಿಗೊಂದು ಸಣ್ಣ ಕಾರು, ಅವರಿಗೆ ಮಿಕ್ಕ ಹಣ.
ಲೆಕ್ಕ ಚೊಕ್ಕ. ಮಾತು ಮಾತ್ರ
ನನ್ನ ಮೂಲಕ ಹೋಗಿ ನನ್ನ ಮೂಲಕ ಬರುತ್ತಿತ್ತು:
"ಸ್ಪೇರ್ ಕೀ ಅವರ ಹತ್ರ ಇದೆಯಾ, ಕೇಳಿ."
ಎದುರೆದುರೇ ನಿಂತಿದ್ದರು.

ಒಳಗೆ ಹತ್ತಿದೆ. ಊದಿನಕಡ್ಡಿ. ಅದರಡಿಯಲ್ಲಿ ನುಸಿಗುಳಿಗೆ.
ಅದರಡಿಯಲ್ಲಿ, ನೆಲದ ಮಟ್ಟದಲ್ಲಿ,
ಮಡಿಚಿಟ್ಟ ಒದ್ದೆ ಗೋಣಿಯ ವಾಸನೆ.
ಮಾರುವವರೆಲ್ಲ ಮೂಗಿಗೆ ಲಂಚ ಕೊಡುತ್ತಾರೆ,
ಹೆಬ್ಬೆರಳಿಗೆ ಕೊಡಲು ಮರೆಯುತ್ತಾರೆ.

ಬಾಗಿಲ ಚೌಕಟ್ಟು ಹನ್ನೆರಡು. ಮಂಚದ ಕೆಳಗೆ ಹದಿಮೂರು.
ಬೆರಳ ಗೆಣ್ಣಿಂದ ತಟ್ಟುತ್ತ ಹೋದೆ
ತೆಂಗಿನಕಾಯಿ ಆರಿಸುವವನ ಹಾಗೆ, ಟಕ್, ಟಕ್, ಟಕ್.
ಎಡಗಿಟಕಿಯ ಕೆಳಗೆ ದೇವರ ಕ್ಯಾಲೆಂಡರು,
ಎರಡು ವರ್ಷ ಹಿಂದಿನದು. ಸರಿಸಿ ತಟ್ಟಿದೆ:
ದಪ್.
ಹೆಬ್ಬೆರಳು ಒತ್ತಿದರೆ ಪ್ಲೈವುಡ್ಡು
ಮಾಗಿದ ಪಪಾಯಿಯಂತೆ ಒಳಕ್ಕೆ ಹೋಗಿ
ಹಿಂದಕ್ಕೆ ಬರಲೇ ಇಲ್ಲ.
ಮೀಟರು ಮೂವತ್ತೊಂದು.

"ಕೇಳಿ ಅವರನ್ನ," ಅಂದರು ಅಕ್ಕ, "ಬಿಸಿಲೆ ಘಾಟಲ್ಲಿ
ರಾತ್ರಿಯೆಲ್ಲಾ ಕಿಟಕಿ ತೆಗೆದಿಟ್ಟು ಮಲಗಿದ್ದು ಯಾರು ಅಂತ."
"ಸೆಕೆ ಸೆಕೆ ಅಂತ ಹೊರಳಾಡಿದ್ದು ಯಾರು, ಅದನ್ನೂ ಕೇಳಿ."
ಬಿಸಿಲೆ ಎಂಬ ಹೆಸರಿನ ಊರಲ್ಲಿ
ಬಿಸಿಲೇ ಕಾಣದ ಮೂರು ದಿನ;
ನೆಂದ ಹಾಸಿಗೆ, ನೆಂದ ಬೆಂಕಿಪೊಟ್ಟಣ,
ಮಾತಿಗೆ ಮಾತು, ಆಮೇಲೆ ಅಮ್ಮನ ಕಿವಿಯೋಲೆ,
ಓಲೆಯಿಂದ ಮದುವೆ, ಮದುವೆಯಿಂದ ಮುರಿದ ಮದುವೆ,
ಎಲ್ಲ ಆ ಕಿಟಕಿಯಿಂದಲೇ ಒಳಗೆ ಬಂದಿತ್ತಂತೆ.

ಕಿಟಕಿಯ ರಬ್ಬರು ನೋಡಿದೆ. ಗಟ್ಟಿ. ಅಂಚಿನ ಮರ ಹದಿನಾಲ್ಕು.
ಅಂಚನ್ನು ನೆನೆಸದೆ ನೀರು ಕೆಳಗಿಳಿಯುವುದುಂಟೇ?
ಇರುವೆ ಸಾಲು ಹಿಡಿದು ಗೂಡು ಹುಡುಕುವಂತೆ
ಪಕ್ಕದ ಗೋಡೆಗುಂಟ ಮೀಟರನ್ನು ಮೇಲಕ್ಕೆ ನಡೆಸಿದೆ:
ಇಪ್ಪತ್ತಾರು, ಇಪ್ಪತ್ತೆಂಟು,
ಛಾವಣಿಯ ಪಟ್ಟಿ ಹಿಡಿದು ಅಡ್ಡಕ್ಕೆ ಐದಡಿ,
ಅಲ್ಲಿ, ಬಲಮೂಲೆಯಲ್ಲಿ, ಮೂವತ್ತೆಂಟು.
ಏಣಿ ಹಾಕಿ ಹತ್ತಿದೆ. ಕ್ಯಾರಿಯರ್ ಕೂರಿಸಿದ ಪುಣ್ಯಾತ್ಮ
ಒಂದು ಸ್ಕ್ರೂ ತಪ್ಪು ಜಾಗಕ್ಕೆ ಹೊಡೆದು, ಕಿತ್ತು,
ತೂತು ಮುಚ್ಚದೆ ಪಕ್ಕದಲ್ಲಿ ಇನ್ನೊಂದು ಹೊಡೆದಿದ್ದ.

"ನೀರಿಗೆ ಕಳ್ಳನ ಬುದ್ಧಿ ತಾಯಿ,
ಹೊಕ್ಕ ಕಡೆ ಹೆಜ್ಜೆ ಬಿಡಲ್ಲ.
ಕ್ಯಾರಿಯರ್ ಕೂರಿಸಿದ ದಿನದಿಂದ ಸೋರಿದೆ ಇದು,
ಕಿಟಕಿ ತೆಗೆದಿದ್ದರೂ ಅಷ್ಟೇ, ಮುಚ್ಚಿದ್ದರೂ ಅಷ್ಟೇ."
ಅಂದವನೇ ಚೀಟಿಯಲ್ಲಿ ಕಡಿತ ಬರೆದೆ: ನಲವತ್ತೈದು ಸಾವಿರ.
ಯಾರೂ ಚೌಕಾಸಿ ಮಾಡಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು
ತಂಗಿ ಏಣಿ ಹತ್ತಿದರು. ತೂತಿನ ಮೇಲೆ ಕಿರುಬೆರಳಿಟ್ಟು
ಬಹಳ ಹೊತ್ತು ಹಾಗೇ ನಿಂತರು.
ಕೆಳಗೆ ಏಣಿ ಹಿಡಿದಿದ್ದ ಅಕ್ಕ
ಮುಖ ರಸ್ತೆಯ ಕಡೆ ತಿರುಗಿಸಿಕೊಂಡೇ
"ಎಷ್ಟು ದೊಡ್ಡದೇ?" ಅಂದರು.
ನನ್ನನ್ನು ಕೇಳಿದ್ದಲ್ಲ.
"ಮೆಣಸಿನ ಕಾಳಷ್ಟು ಕಣಕ್ಕಾ."

ಗೇಟಿನಲ್ಲಿ ಆಟೋದವನು ಹಾರನ್ ಹೊಡೆದ,
ಕಾಯುವ ಚಾರ್ಜು ಏರುತ್ತಿದೆ ಅಂತ.
"ನೀವು ಹೋಗಿ," ಮೇಲಿಂದಲೇ ಕೈ ಬೀಸಿದರು ನೀಲಾಂಬಿಕೆ.
ಅವನ ದುಡ್ಡು ಕೊಡಲು ಅಕ್ಕ ಏಣಿ ಬಿಡಬೇಕಾಯಿತು.
"ಆಚಾರ್ರೇ, ಒಸಿ ಹಿಡ್ಕೊಳ್ಳಿ, ಬಿದ್ದಾಳು" ಅಂತ
ನನ್ನ ಕೈಗೆ ಕೊಟ್ಟು ಹೋದರು.